ಬೆನ್ನಿಗೆ ನಿಲ್ಲೋರು ಯಾರು?



ಎಐ ಬಂತು, ಕೆಲಸ ಹೋಗುತ್ತೆ ಅನ್ನೋ ಚರ್ಚೆಯನ್ನ ವಾರಕ್ಕೆರಡು ಸಲ ಮಾಡ್ತೀವಿ. ಇವತ್ತು ಬೇರೆ ಪ್ರಶ್ನೆ. ಈ ಎಐ ಸರಿಯಾಗಿ ಕೆಲಸ ಮಾಡ್ತಿದೆಯಾ, ಯಾರಿಗಾದರೂ ಅನ್ಯಾಯ ಆಗ್ತಿದೆಯಾ ಅಂತ ಪರೀಕ್ಷೆ ಮಾಡೋರು ಯಾರು? ಸೇತುವೆ ಕಟ್ಟಿದ ಗುತ್ತಿಗೆದಾರನೇ ಬಂದು "ಎಲ್ಲಾ ಗಟ್ಟಿಯಾಗಿದೆ ಸ್ವಾಮಿ" ಅಂದ್ರೆ ನೀವು ಒಪ್ತೀರಾ? ಒಪ್ಪಲ್ಲ. ಹೊರಗಿನವರು ಬಂದು ನೋಡಬೇಕು ಅಂತೀರಿ. ಎಐ ಸುರಕ್ಷತೆ ಅನ್ನೋ ಸಂಶೋಧನಾ ಕ್ಷೇತ್ರದ ದೊಡ್ಡ ಪಾಲು ಇದೇ ಕೆಲಸ. ನಾಳೆ ಯಂತ್ರ ಕೈಮೀರಿ ಹೋದರೆ ಏನು ಗತಿ ಅಂತ ಯೋಚಿಸೋರೂ ಅದರಲ್ಲಿದ್ದಾರೆ, ಇವತ್ತೇ ಆಗ್ತಿರೋ ಹಾನಿಯನ್ನ ಅಳೆಯೋರೂ ಇದ್ದಾರೆ. ನಾನು ಹೇಳ್ತಿರೋದು ಎರಡನೆಯವರ ಕಥೆ. ಅವರಲ್ಲಿ ಮೂವರು ಹೆಣ್ಣುಮಕ್ಕಳ ಕಥೆ.

ಮೊದಲನೆಯವರು ಜಾಯ್ ಬುಲಾಮ್ವಿನಿ. ಘಾನಾ ಮೂಲದ ಕುಟುಂಬ, ಅಮೆರಿಕದಲ್ಲಿ ಬೆಳೆದವರು. ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಅವರು ಬಳಸ್ತಿದ್ದ ಸಾಫ್ಟ್‌ವೇರ್‌ಗೆ ಅವರ ಮುಖವೇ ಕಾಣ್ತಿರಲಿಲ್ಲ. ಬಿಳಿ ಮುಖವಾಡ ಹಾಕ್ಕೊಂಡ್ರು, ಕಾಣ್ತು! ಪ್ಲಾಸ್ಟಿಕ್ ಮುಖವಾಡವನ್ನ ಮನುಷ್ಯನ ಮುಖ ಅಂತ ಒಪ್ಪೋ ಯಂತ್ರ, ಎದುರಿಗೆ ಕೂತಿರೋ ಹೆಣ್ಣುಮಗಳನ್ನ ಒಪ್ಪಲಿಲ್ಲ.

ನಾವಾದ್ರೆ ಸಿಟ್ಟಲ್ಲಿ ಒಂದು ಪೋಸ್ಟ್ ಹಾಕಿ ಸುಮ್ಮನಾಗ್ತಿದ್ವೇನೋ. ಜಾಯ್ ಲೆಕ್ಕಕ್ಕೆ ಕೂತರು. ರುವಾಂಡಾ, ಸೆನೆಗಲ್, ದಕ್ಷಿಣ ಆಫ್ರಿಕಾ, ಜೊತೆಗೆ ಫಿನ್‌ಲೆಂಡ್, ಐಸ್‌ಲೆಂಡ್, ಸ್ವೀಡನ್. ಈ ಆರು ದೇಶಗಳ ಸಂಸದರ ಫೋಟೋ ಕಲೆಹಾಕಿದರು. ಒಟ್ಟು 1270 ಮುಖಗಳು. ಐಬಿಎಂ, ಮೈಕ್ರೋಸಾಫ್ಟ್, ಚೀನಾದ ಫೇಸ್ ಪ್ಲಸ್ ಪ್ಲಸ್, ಈ ಮೂರು ಕಂಪನಿಗಳ ಸಾಫ್ಟ್‌ವೇರ್ ಮುಂದೆ ಇಟ್ಟು, ಇದು ಗಂಡೋ ಹೆಣ್ಣೋ ಹೇಳಪ್ಪಾ ಅಂದರು. 2018ರಲ್ಲಿ ಫಲಿತಾಂಶ ಬಂತು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ! ಮೂರರಲ್ಲಿ ಒಂದು ತಪ್ಪು. ಪರೀಕ್ಷೆ ಇದ್ದದ್ದು ಸಂಸದೆಯರ ಮೇಲೆ, ನೆನಪಿರಲಿ.

ಆ ಸಂಶೋಧನಾ ಲೇಖನದಲ್ಲಿ ಇನ್ನೊಂದು ಹೆಸರಿದೆ, ಟಿಮ್ನಿಟ್ ಗೆಬ್ರು. ಇಥಿಯೋಪಿಯಾದಲ್ಲಿ ಹುಟ್ಟಿ, ನಿರಾಶ್ರಿತೆಯಾಗಿ ಅಮೆರಿಕ ಸೇರಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದವರು. ಅವರ ವಿಷಯಕ್ಕೆ ಮತ್ತೆ ಬರ್ತೀನಿ.

ಮೂರನೆಯ ಹುಡುಗಿಯ ಕಥೆ ನನಗೆ ಬಹಳ ಮುಖ್ಯ. ಡೆಬೊರಾ ರಾಜಿ, ನೈಜೀರಿಯಾ ಮೂಲದ ಕೆನಡಾದವಳು, ಟೊರಾಂಟೊದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಒಂದು ಎಐ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದಾಗ ಅವಳ ಕಣ್ಣಿಗೊಂದು ವಿಚಿತ್ರ ಬಿತ್ತು. ಅಶ್ಲೀಲ ಚಿತ್ರ ಪತ್ತೆ ಮಾಡೋ ಎಐ, ಬಿಳಿಯರಲ್ಲದವರ ಸಾಮಾನ್ಯ ಫೋಟೋಗಳನ್ನೂ ಅಶ್ಲೀಲ ಅಂತ ಹೆಚ್ಚಾಗಿ ಗುರುತು ಮಾಡ್ತಿತ್ತು. ಇಂಟರ್ನ್ ಹುಡುಗಿ ಇದನ್ನ ಹೇಳಿದ್ರೆ ಯಾರು ಕೇಳ್ತಾರೆ? ಅವಳು ಜಾಯ್ ಅವರನ್ನ ಸಂಪರ್ಕಿಸಿದಳು. ಜಾಯ್ ಆಗ ದೊಡ್ಡ ಪ್ರೊಫೆಸರ್ ಏನಲ್ಲ, ತಾವೇ ಇನ್ನೂ ವಿದ್ಯಾರ್ಥಿನಿ. ಆದರೂ "ಬಾ, ಜೊತೆಗೆ ಕೆಲಸ ಮಾಡೋಣ" ಅಂತ ಕರೆಸಿಕೊಂಡರು. ಎರಡನೇ ಸುತ್ತಿನ ಪರೀಕ್ಷೆ ಶುರುವಾಯಿತು. 2019ರ ಜನವರಿಯಲ್ಲಿ ಲೇಖನ ಹೊರಗೆ ಬಂದಾಗ ಮೊದಲ ಹೆಸರು ಯಾರದ್ದು? ರಾಜಿಯದ್ದು. ಸಂಶೋಧನಾ ಲೋಕ ಗೊತ್ತಿದ್ದವರಿಗೆ ಮೊದಲ ಹೆಸರಿನ ಬೆಲೆ ಗೊತ್ತು. ಹುಡುಗರ ಕೈಯಲ್ಲಿ ದುಡಿಸಿಕೊಂಡು ತಮ್ಮ ಹೆಸರು ಮುಂದೆ ಹಾಕ್ಕೊಳ್ಳೋ ಗೈಡ್‌ಗಳನ್ನ ನಾವೂ ಕಂಡಿದ್ದೀವಿ ಬಿಡಿ.

ಈ ಸಲ ಸಿಕ್ಕಿಬಿದ್ದದ್ದು ಅಮೆಜಾನ್. ಅದರ ಸಾಫ್ಟ್‌ವೇರ್ ಕಪ್ಪು ಹೆಂಗಸರ ವಿಷಯದಲ್ಲಿ ಶೇ. 31ರಷ್ಟು ತಪ್ಪು ಮಾಡ್ತಿತ್ತು, ಅದನ್ನೇ ಪೊಲೀಸರಿಗೆ ಮಾರ್ತಾನೂ ಇದ್ದರು. ಪರೀಕ್ಷೆಯ ವಿಧಾನವೇ ಸರಿಯಿಲ್ಲ ಅಂತ ಕಂಪನಿ ಬಹಿರಂಗವಾಗಿ ತಿರುಗಿಬಿತ್ತು. ಒಂದು ಕಡೆ ಜಗತ್ತಿನ ದೈತ್ಯ ಕಂಪನಿ, ಇನ್ನೊಂದು ಕಡೆ ಇಬ್ಬರು ವಿದ್ಯಾರ್ಥಿನಿಯರು.

ಮುಂದಾಗಿದ್ದನ್ನ ಗಮನಿಸಿ. ಎರಡು ಡಜನ್‌ಗೂ ಹೆಚ್ಚು ಹಿರಿಯ ಸಂಶೋಧಕರು ಬಹಿರಂಗ ಪತ್ರ ಬರೆದರು. ಪರೀಕ್ಷೆ ಸರಿಯಾಗಿದೆ, ಪೊಲೀಸರಿಗೆ ಮಾರೋದನ್ನ ನಿಲ್ಲಿಸಿ ಅಂದರು. ಸಹಿ ಹಾಕಿದವರಲ್ಲಿ ಯೋಶುವಾ ಬೆಂಜಿಯೊ ಇದ್ದರು. ಕೆಲವೇ ದಿನಗಳ ಹಿಂದೆ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಘೋಷಣೆಯಾಗಿತ್ತು. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಸಾವಿನ ಪ್ರತಿಭಟನೆಗಳ ನಡುವೆ, ಪೊಲೀಸರಿಗೆ ಈ ತಂತ್ರಜ್ಞಾನ ಕೊಡೋದನ್ನ ಅಮೆಜಾನ್ ಒಂದು ವರ್ಷ ನಿಲ್ಲಿಸ್ತು. ಐಬಿಎಂ ಆ ವ್ಯವಹಾರದಿಂದಲೇ ಹಿಂದೆ ಸರೀತು.

ಮೆಂಟರಿಂಗ್ ಅಂದ್ರೆ ನಮ್ಮಲ್ಲಿ ಏನು? ಮಹಿಳಾ ದಿನಕ್ಕೆ ಒಂದು ಹೂಗುಚ್ಛ, ಒಂದು ಭಾಷಣ, ಒಂದು ಗ್ರೂಪ್ ಫೋಟೋ. ಆ ಹಿರಿಯರು ಕೊಟ್ಟಿದ್ದು ಅದಲ್ಲ, ತಮ್ಮ ಹೆಸರು. ಕಿರಿಯರ ಮೇಲೆ ಕಲ್ಲು ಬಿದ್ದಾಗ ಮುಂದೆ ಬಂದು ನಿಂತರು.

ಹಾಗೆ ನಿಲ್ಲೋ ಸಂಸ್ಥೆ ಇಲ್ಲದಿದ್ದರೆ ಏನಾಗುತ್ತೆ? ಟಿಮ್ನಿಟ್ ಗೆಬ್ರು ಅವರನ್ನ ನೋಡಿ. ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡಕ್ಕೆ ಅವರು ಜಂಟಿ ಮುಖ್ಯಸ್ಥೆ. ದೊಡ್ಡ ಭಾಷಾ ಮಾದರಿಗಳ, ಅಂದರೆ ಇವತ್ತಿನ ಚಾಟ್‌ಜಿಪಿಟಿ ತರದವುಗಳ, ಅಪಾಯಗಳ ಬಗ್ಗೆ ಸಹೋದ್ಯೋಗಿಗಳ ಜೊತೆ ಲೇಖನ ಬರೆದರು. ಹೆಸರು ವಾಪಸ್ ತಗೊಳ್ಳಿ ಅಂತ ಒತ್ತಡ ಬಂತು. 2020ರ ಡಿಸೆಂಬರ್‌ನಲ್ಲಿ ಕೆಲಸ ಹೋಯಿತು. ವಜಾ ಮಾಡಿದರು ಅಂತ ಅವರು, ರಾಜೀನಾಮೆ ಒಪ್ಪಿಕೊಂಡೆವು ಅಂತ ಕಂಪನಿ. ಇನ್ನೊಬ್ಬ ಮುಖ್ಯಸ್ಥೆ ಮಾರ್ಗರೆಟ್ ಮಿಚೆಲ್ ಅವರನ್ನೂ ಎರಡೇ ತಿಂಗಳಲ್ಲಿ ತೆಗೆದರು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಎಚ್ಚರಿಸಿದವರು ಮನೆಗೆ ಹೋಗಿದ್ದರು!

ಇದೆಲ್ಲ ಅಮೆರಿಕದ ಗಲಾಟೆ, ನಮಗೇನು ಅಂತೀರಾ? 2025ರ ಜುಲೈನಿಂದ ಅಂಗನವಾಡಿಯಲ್ಲಿ ಮನೆಗೆ ಕೊಡೋ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತು ಕಡ್ಡಾಯ. ಬಸುರಿ, ಬಾಣಂತಿ ಮೊಬೈಲ್ ಮುಂದೆ ಮುಖ ತೋರಿಸಬೇಕು. ಅಲ್ಲಿ ನಡೆಯೋದು ಗಂಡೋ ಹೆಣ್ಣೋ ಅನ್ನೋ ಪರೀಕ್ಷೆ ಅಲ್ಲ, ಇದೇ ವ್ಯಕ್ತಿಯಾ ಅನ್ನೋ ಪರೀಕ್ಷೆ. ಎರಡೂ ಬೇರೆ, ಒಪ್ತೀನಿ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ. ಬಿಸಿಲಲ್ಲಿ ದುಡಿದು ಬಂದ ಯಾದಗಿರಿಯ ಹೆಣ್ಣುಮಗಳ ಮುಖದ ಮೇಲೆ ಇದು ಎಷ್ಟು ಸಲ ತಪ್ಪುತ್ತೆ? ಹಳೇ ಮೊಬೈಲ್, ಮಬ್ಬು ಬೆಳಕು, ಸೆರಗು ಹೊದ್ದ ತಲೆ, ಆಗ ಎಷ್ಟು? ಮುಖ ಹೊಂದ್ತಿಲ್ಲ ಅಂತ ದೂರೋ ಅಂಗನವಾಡಿ ಕಾರ್ಯಕರ್ತೆಯ ಮಾತನ್ನ ಅಂಕಿ-ಅಂಶ ಮಾಡಿ ವಿಧಾನಸೌಧದ ಮುಂದೆ ಇಡೋ ಸಂಶೋಧಕಿ ಬೇಕಲ್ವಾ?

ನಾನೂ ಇಂಜಿನಿಯರಿಂಗ್ ಓದಿದವನು. ಪ್ರಾಜೆಕ್ಟ್ ತಂಡದಲ್ಲಿ ಹುಡುಗರಿಗೆ ಕೋಡಿಂಗ್, ಹುಡುಗಿಯರಿಗೆ ರಿಪೋರ್ಟ್ ಬರೆಯೋದು, ಪಿಪಿಟಿ ಮಾಡೋದು. ಯಾರೂ ಹಾಗೆ ಆದೇಶ ಹೊರಡಿಸಿರಲಿಲ್ಲ, ಅದು ಹಾಗೇ ಆಗ್ತಿತ್ತು. ಈಗ ಮೂಲೆಮೂಲೆಯ ಕಾಲೇಜಲ್ಲೂ ಎಐ ವಿಭಾಗ ಇದೆ, ಹೆಣ್ಣುಮಕ್ಕಳು ತುಂಬಿದ್ದಾರೆ. ಎಚ್‌ಒಡಿಗಳಿಗೆ ನೇರವಾಗಿ ಹೇಳ್ತೀನಿ. ಕೊನೇ ವರ್ಷದ ಒಂದು ತಂಡಕ್ಕೆ, ಹುಡುಗಿಯೇ ಮುಂದಾಳು ಆಗಿರೋ ತಂಡಕ್ಕೆ, ಈ ಕೆಲಸ ಕೊಡಿ: ನಮ್ಮ ಹೆಂಗಸರ ಮುಖವನ್ನ, ಅವರ ಒಪ್ಪಿಗೆ ತಗೊಂಡು, ಸಿಗೋ ಸಾಫ್ಟ್‌ವೇರ್‌ಗಳ ಮೇಲೆ ಪರೀಕ್ಷೆ ಮಾಡಿ. ಕಲಬುರಗಿ ಕನ್ನಡ, ಕುಂದಾಪುರ ಕನ್ನಡದಲ್ಲಿ ಚಾಟ್‌ಬಾಟ್‌ಗೆ ಬಾಣಂತಿಯ ಆರೋಗ್ಯದ ಪ್ರಶ್ನೆ ಕೇಳಿ, ಉತ್ತರವನ್ನ ಡಾಕ್ಟರ್ ಕೈಲಿ ತಿದ್ದಿಸಿ. ಕಂಪನಿ ಮೇಲ್ ಹಾಕಿ ಹೆದರಿಸಿದರೆ ಉತ್ತರ ಕೊಡಬೇಕಾದವರು ನೀವು, ಆ ಹುಡುಗಿ ಅಲ್ಲ.

ರಿಪೋರ್ಟ್ ನನಗೆ ಕಳಿಸಿ. ಇದೇ ಸ್ಟುಡಿಯೋದಲ್ಲಿ, ಇದೇ ಹೊತ್ತಲ್ಲಿ, ಆ ತಂಡಕ್ಕೆ ಹತ್ತು ನಿಮಿಷ ಕೊಡ್ತೀನಿ.