ನಮ್ಮ ಮನೆಯ ಸರದಿ ಬಂದಾಗ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)

ಸಭೆ ಶುರುವಾಗುವ ಮೊದಲು ನಿಮ್ಮ ಸಂಘದ ಲೆಕ್ಕದ ಪುಸ್ತಕ ನೋಡಿದೆ. ಪೈಸೆ ಪೈಸೆಗೂ ಲೆಕ್ಕವಿದೆ. ನಾನು ಕಾಲೇಜಿನಲ್ಲಿ ಮೂವತ್ತೈದು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು. ಇಷ್ಟು ಶುದ್ಧವಾದ ಪುಸ್ತಕ ಕಂಡರೆ ನನಗೆ ಸಂತೋಷ. ಆದರೆ ಅದರಲ್ಲಿ "ಮದುವೆ ಖರ್ಚು" ಎಂಬ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಇವತ್ತು ಆ ಎರಡು ಪದಗಳ ಬಗ್ಗೆಯೇ ಮಾತನಾಡುತ್ತೇನೆ.

ಉಪದೇಶ ಮಾಡಲು ನಾನು ಬಂದಿಲ್ಲ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ ಅದೇ ವರ್ಷ. ಕಾನೂನಿಗೂ ನನಗೂ ಒಂದೇ ವಯಸ್ಸು. 1988ರಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಅಪ್ಪ ತೀರಿಕೊಂಡಿದ್ದರು, ತವರಿನಲ್ಲಿ ಸಂಬಳ ತರುವವಳು ನಾನೊಬ್ಬಳೇ. ಗಂಡಿನ ಕಡೆಯವರು ವರದಕ್ಷಿಣೆ ಎಂಬ ಮಾತನ್ನೇ ಆಡಲಿಲ್ಲ, "ವರೋಪಚಾರ" ಎಂದರು. ಮೂವತ್ತು ಸಾವಿರ ರೂಪಾಯಿ, ಒಂದು ಸ್ಕೂಟರ್. ಆ ವಾರವೇ ನಮ್ಮ ಕಾಲೇಜಿನಲ್ಲಿ "ವರದಕ್ಷಿಣೆ ಒಂದು ಸಾಮಾಜಿಕ ಪಿಡುಗು" ಎಂಬ ಪ್ರಬಂಧ ಸ್ಪರ್ಧೆ ನಡೆಯಿತು. ತೀರ್ಪುಗಾರ್ತಿ ನಾನೇ. ಬೆಳಿಗ್ಗೆ ಯಾವ ಪೆನ್ನಿನಲ್ಲಿ ಪ್ರಬಂಧಗಳಿಗೆ ಅಂಕ ಹಾಕಿದೆನೋ, ಮಧ್ಯಾಹ್ನ ಅದೇ ಪೆನ್ನಿನಲ್ಲಿ ಭವಿಷ್ಯನಿಧಿ ಸಾಲದ ಅರ್ಜಿಗೆ ಸಹಿ ಹಾಕಿದೆ.

ನನಗೆ ಕಾನೂನು ಗೊತ್ತಿರಲಿಲ್ಲವೇ? ಗೊತ್ತಿತ್ತು. "ಇದೊಂದು ಸಲ" ಎಂದುಕೊಂಡೆ. "ನಮ್ಮ ಹುಡುಗಿ ಸುಖವಾಗಿರಲಿ" ಎಂದುಕೊಂಡೆ.

ಸುಖವಾಗಿರಲಿಲ್ಲ. ಸ್ಕೂಟರ್ ಹಳೆಯದಾಗುವ ಮುಂಚೆಯೇ ಹೊಸ ಬೇಡಿಕೆ ಬಂತು. ಕೂಸನ್ನು ಎತ್ತಿಕೊಂಡು ಅವಳು ಎರಡು ಸಲ ನನ್ನ ಮನೆ ಬಾಗಿಲಿಗೆ ಬಂದಳು. ಎರಡು ಸಲವೂ ನಾನು ಊಟ ಹಾಕಿ, ಸೀರೆ ಕೊಟ್ಟು, "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ಬಸ್ಸು ಹತ್ತಿಸಿದೆ. ಅವಳ ಕಷ್ಟ ನನಗೆ ಕಾಣದೆ ಇರಲಿಲ್ಲ. ನಾಲ್ಕು ಜನ ಏನೆಂದಾರು ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಮೂರನೆಯ ಸಲ, 1992ರಲ್ಲಿ, ಸುಟ್ಟ ಕೈಯೊಂದಿಗೆ ಬಂದಳು. ಆಮೇಲೆ ನಾನು ಕಳಿಸಲಿಲ್ಲ. ಅಂಗನವಾಡಿ ಕೆಲಸ ಮಾಡಿ ಮಗಳನ್ನು ಓದಿಸಿದಳು. ಅವಳ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಒಮ್ಮೆ ಮಾತ್ರ ಕೇಳಿದಳು: "ಅಕ್ಕಾ, ಆ ದುಡ್ಡಲ್ಲಿ ನನ್ನ ಹೆಸರಿಗೆ ಒಂದು ಸೈಟು ತಗೊಂಡಿದ್ದರೆ?" ನಾನು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ.

ಅಂದು ನಾನು ಕಲಿತದ್ದು ಇಷ್ಟೆ. ವೇದಿಕೆಯ ಮೇಲೆ ಆಡುವ ಮಾತು ಮೌಲ್ಯವಲ್ಲ. ನಮ್ಮ ಮನೆಯ ಸರದಿ ಬಂದ ದಿನ ನಾವು ಏನು ಮಾಡುತ್ತೇವೋ ಅದು ಮೌಲ್ಯ.

2016ರಲ್ಲಿ ನನ್ನ ಮಗನ ಮದುವೆಯ ಮಾತು ಬಂತು. ನೆಂಟರೆಲ್ಲ ಒಂದೇ ಸಲಹೆ ಕೊಟ್ಟರು: "ನೀವು ಕೇಳಬೇಡಿ, ಅವರಾಗಿ ಕೊಟ್ಟರೆ ಬೇಡ ಅನ್ನಬೇಡಿ." ಗೆಳತಿಯರೇ, ವರದಕ್ಷಿಣೆ ನಮ್ಮ ಮನೆಗಳಿಗೆ ನುಗ್ಗುವ ಹಿಂಬಾಗಿಲು ಇದೇ. ಕೇಳಲಿಲ್ಲ ಎಂದು ನಮಗೆ ಒಳ್ಳೆಯ ಹೆಸರು, ಸಾಲ ಮಾತ್ರ ಹೆಣ್ಣಿನ ಅಪ್ಪನ ತಲೆಗೆ. ಆದ್ದರಿಂದ ಮೊದಲ ಭೇಟಿಯಲ್ಲೇ, ಕಾಫಿ ಕುಡಿಯುವ ಮುಂಚೆ, ಎಲ್ಲರ ಎದುರು ಹೇಳಿದೆ: "ನಗದು ಬೇಡ, ಒಡವೆ ಬೇಡ, ವಾಹನ ಬೇಡ. ಮದುವೆ ಖರ್ಚು ಅರ್ಧ ನಿಮ್ಮದು, ಅರ್ಧ ನಮ್ಮದು."

ಏನಾಯಿತು ಗೊತ್ತೇ? ಬೀಗರು ಹೆದರಿದರು! ಹುಡುಗನಲ್ಲಿ ಏನೋ ಐಬಿರಬೇಕು ಎಂದು ಅವನ ಆಫೀಸಿನಲ್ಲೆಲ್ಲ ವಿಚಾರಿಸಿದರು. ನನ್ನ ಮೈದುನ ಮದುವೆಗೇ ಬರಲಿಲ್ಲ. ಇದರಿಂದ ತನ್ನ ಮಗನ ಬೆಲೆ ಇಳಿಯಿತು ಎಂಬುದು ಅವನ ಸಿಟ್ಟು. ಇವತ್ತಿಗೂ ಆ ಮನೆಯವರು ನಮ್ಮೊಡನೆ ಮಾತಾಡುವುದಿಲ್ಲ. ಪ್ರಾಮಾಣಿಕವಾಗಿ ನಡೆದರೆ ಎಲ್ಲರೂ ಮೆಚ್ಚುತ್ತಾರೆ ಎಂದು ನಾನು ಸುಳ್ಳು ಹೇಳಲಾರೆ. ಅದಕ್ಕೂ ಒಂದು ಬೆಲೆ ಇದೆ. ಆದರೆ ಆ ಬೆಲೆಯನ್ನು ನಾನು ತೆತ್ತೆ. ನನ್ನ ಸೊಸೆಯ ಮೈ ತೆರಲಿಲ್ಲ.

ಕಾನೂನಿನ ನಾಲ್ಕು ಮಾತು ನೆನಪಿಡಿ. ವರದಕ್ಷಿಣೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸಜೆ; 15,000 ರೂಪಾಯಿ ಅಥವಾ ಕೊಟ್ಟದ್ದರ ಮೌಲ್ಯ, ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಾಗದ ದಂಡ. ಹಾಗಾದರೆ ಕೊಟ್ಟು ನೊಂದವರು ದೂರು ಕೊಡುವುದು ಹೇಗೆ? ಹೆದರಬೇಡಿ, ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಈ ಕಾಯಿದೆಯಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಗಂಡ ಮತ್ತು ಅವನ ಕಡೆಯವರ ಹಿಂಸೆಯನ್ನು ಶಿಕ್ಷಿಸುವ ಹಳೆಯ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ ಆಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೆಂಡತಿಗೆ ಗಂಡನ ಮನೆಯಲ್ಲೇ ವಾಸಿಸುವ ಹಕ್ಕು ಕೊಟ್ಟಿದೆ. ಮಹಿಳಾ ಸಹಾಯವಾಣಿ 181. ನನ್ನ ತಂಗಿ ಬಾಗಿಲು ತಟ್ಟಿದ ಕಾಲಕ್ಕೆ ಈ ಕಾಯಿದೆಯೂ ಇರಲಿಲ್ಲ, ಈ ಸಂಖ್ಯೆಯೂ ಇರಲಿಲ್ಲ.

"ಅವಳ ಪಾಲನ್ನು ಮದುವೆಯಲ್ಲೇ ಕೊಟ್ಟೆವು" ಎನ್ನುವವರಿದ್ದಾರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿದೆ. ಪಾಲು ಎಂದರೆ ಅವಳ ಹೆಸರಿನ ಪತ್ರ. ಗಂಡಿನ ಕಡೆಯವರ ಕೈಗಿಟ್ಟ ಹಣ ಅವಳ ಪಾಲು ಹೇಗಾದೀತು? ಆ ಹಣದ ನೆಪ ಹೇಳಿ, ಅರಿಶಿನ ಕುಂಕುಮಕ್ಕೆ ಅಷ್ಟಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅವಳಿಗೆ ಎರಡೂ ಕಡೆ ನಷ್ಟ.

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ಮದುವೆಗೆಂದು ಒಂದು ಲಕ್ಷ ಸಾಲ ತೆಗೆದಿರಿ ಎನ್ನಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ 24,000 ಬಡ್ಡಿಯೇ ಆಯಿತು, ಅಸಲು ಹಾಗೇ ಇರುತ್ತದೆ. ನಿಮ್ಮ ಅಕ್ಕಪಕ್ಕದವರ ಉಳಿತಾಯ ಯಾರದೋ ಮನೆಯ ಬೈಕ್ ಆಗುತ್ತದೆ. ಪುಸ್ತಕದಲ್ಲಿ "ಹಸು ಕೊಳ್ಳಲು" ಎಂದು ಬರೆದು ದುಡ್ಡು ಬೀಗರ ಮನೆಗೆ ಹೋಗುವುದೂ ನಿಮಗೆಲ್ಲ ಗೊತ್ತು. ಕೂಡಿಸಿದ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಆ ಪುಸ್ತಕ ಸತ್ಯ ಹೇಳಿದಂತಾಯಿತೇ?

ಅರ್ಜಿ ಬಂದಾಗ ಕೇಳಿ: "ಅಕ್ಕಾ, ಈ ದುಡ್ಡು ಯಾರ ಕೈಗೆ ಹೋಗುತ್ತದೆ?" ಅವಮಾನ ಮಾಡಲು ಕೇಳಬೇಡಿ, ಜೊತೆಗೆ ನಿಲ್ಲಲು ಕೇಳಿ. ವರದಕ್ಷಿಣೆಗಾದರೆ ಸಾಲವಿಲ್ಲ ಎಂದು ಹೇಳಿ, ಹೇಳಿದ ಮೇಲೆ ಅವಳೊಬ್ಬಳನ್ನೇ ಬಿಡಬೇಡಿ. ನಾಲ್ಕು ಜನ ಅವಳ ಜೊತೆ ಮಾತುಕತೆಗೆ ಹೋಗಿ ಕುಳಿತುಕೊಳ್ಳಿ. ಅದೇ ಹುಡುಗಿ ಓದುತ್ತೇನೆ, ಹೊಲಿಗೆ ಯಂತ್ರ ಕೊಳ್ಳುತ್ತೇನೆ ಎಂದರೆ ಮೊದಲ ಸಾಲ ಅವಳಿಗೇ ಕೊಡಿ. ಗಂಡುಮಕ್ಕಳ ತಾಯಂದಿರು ನಿಮ್ಮಲ್ಲೂ ಇದ್ದೀರಿ. ನಿರ್ಧಾರವನ್ನು ಇವತ್ತೇ ಮಾಡಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಚೌಕಾಶಿ ಶುರುವಾದ ಮೇಲೆ ಧೈರ್ಯ ಹುಡುಕಿದರೆ ಸಿಗುವುದಿಲ್ಲ.

ಮತ್ತೆ, ಮದುವೆಯಾದ ಮಗಳೋ ತಂಗಿಯೋ ರಾತ್ರಿ ಬಂದು ಬಾಗಿಲು ತಟ್ಟಿದರೆ, ಮೊದಲ ಸಲವೇ ಒಳಗೆ ಕರೆದುಕೊಳ್ಳಿ. ಮೂರನೆಯ ಸಲಕ್ಕೆ ಕಾಯಬೇಡಿ. ನಾನು ಕಾದೆ.