ಅರ್ಧ ದಿನದ ಅಚ್ಚಿನಮನೆ
(ಬಾನುಲಿ ಭಾಷಣ)

ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿದ ತರುಣರಿಗೆ ಮೂರನೆಯ ವರ್ಷಕ್ಕೋ ನಾಲ್ಕನೆಯ ವರ್ಷಕ್ಕೋ ಒಂದು ಇಕ್ಕಟ್ಟು ಎದುರಾಗುವುದುಂಟು. ಶಿಷ್ಯವೇತನದ ಅವಧಿ ಮುಗಿಯುತ್ತ ಬಂದಿರುತ್ತದೆ. ಅಥವಾ ಮೊದಲಿನಿಂದಲೂ ಅದು ದೊರೆತಿರುವುದೇ ಇಲ್ಲ. ಮಹಾಪ್ರಬಂಧದ ಎರಡು ಅಧ್ಯಾಯಗಳು ಬಾಕಿ. ಊರಿನಲ್ಲಿ ತಂದೆತಾಯಿಗಳು, 'ಇನ್ನೆಷ್ಟು ದಿನ ಓದುವುದು' ಎಂದು ಕೇಳುತ್ತಿರುತ್ತಾರೆ. ಅಷ್ಟರಲ್ಲಿ ಪ್ರಕಾಶಕರೊಬ್ಬರಿಂದ ಕರೆ ಬರುತ್ತದೆ: ಮಧ್ಯಾಹ್ನದ ಮೇಲೆ ನಾಲ್ಕು ಗಂಟೆ ಬಂದು ಕರಡಚ್ಚು ತಿದ್ದಿಕೊಡಿ, ಹಸ್ತಪ್ರತಿಗಳನ್ನು ನೋಡಿಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು. ಒಪ್ಪಿಕೊಳ್ಳಬೇಕೆ, ಬಿಡಬೇಕೆ? ನಾನು ನಿವೃತ್ತನಾದ ಮೇಲೂ ಈ ಪ್ರಶ್ನೆಯನ್ನು ಹೊತ್ತು ನನ್ನ ಮನೆಯ ಬಾಗಿಲಿಗೆ ಬರುವವರಿದ್ದಾರೆ. ಮೊನ್ನೆಮೊನ್ನೆ ಬಂದವಳು ವಚನಗಳ ಪಾಠಾಂತರಗಳ ಮೇಲೆ ಕೆಲಸ ಮಾಡುತ್ತಿರುವ ಹುಡುಗಿ. ಅವಳ ನಿಮಿತ್ತದಿಂದ ಮನಸ್ಸಿಗೆ ಬಂದ ಕೆಲವು ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ.

ಈ ಕೆಲಸದ ರುಚಿ ನನಗೆ ಗೊತ್ತು. ಎಂಬತ್ತರ ದಶಕದ ಆರಂಭದಲ್ಲಿ, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಸಂಜೆಯ ಹೊತ್ತು ಒಂದು ಮುದ್ರಣಾಲಯಕ್ಕೆ ಹೋಗಿ ಕರಡು ತಿದ್ದುತ್ತಿದ್ದೆ. ಆಗಿನ್ನೂ ಮೊಳೆ ಜೋಡಿಸುವ ಕಾಲ. ಒತ್ತಕ್ಷರ, ಗುಣಿತ, ಅರ್ಕಾವತ್ತುಗಳಿಂದಾಗಿ ಕನ್ನಡದ ಮೊಳೆಯ ಪೆಟ್ಟಿಗೆಗೆ ನೂರಾರು ಮನೆಗಳು ಬೇಕು. ಕಂಪೋಜಿಟರು ನೋಡದೆಯೇ ಕೈಹಾಕಿ ಬೇಕಾದ ಮೊಳೆಯನ್ನು ಎತ್ತುತ್ತಿದ್ದರು. ಅವರು ಓದುತ್ತಿದ್ದುದು ತಿರುಗುಮುರುಗಾದ ಅಕ್ಷರಗಳನ್ನು. ನಾನು ಓದುತ್ತಿದ್ದುದು ಮಸಿ ಆರದ ಗ್ಯಾಲಿ ಪ್ರೂಫನ್ನು. 'ಪ'ಕಾರ 'ಷ'ಕಾರವಾಗುತ್ತಿತ್ತು, 'ದ'ಕಾರಕ್ಕೆ ಹೊಟ್ಟೆ ಸೀಳಿ 'ಧ'ಕಾರವಾಗುತ್ತಿತ್ತು. ಮುದ್ರಾರಾಕ್ಷಸನ ಹಾವಳಿ ಎಂದು ನಕ್ಕು ತಿದ್ದುತ್ತಿದ್ದೆವು. ಹಣ ಫಾರಮ್ಮಿನ ಲೆಕ್ಕ. ಹದಿನಾರು ಪುಟಕ್ಕೆ ಇಷ್ಟು ಎಂಬ ಮಾತಾಗಿತ್ತು; ಆದರೆ ಆ ಮಾತು ನಾಣ್ಯವಾಗುವುದು ಬಹುಮಟ್ಟಿಗೆ ಮುಂದಿನ ತಿಂಗಳಲ್ಲಿಯೇ.

ಅದೇ ವರ್ಷ ತರಗತಿಯಲ್ಲಿ ನಮಗೆ ಗ್ರಂಥಸಂಪಾದನೆಯ ಪಾಠ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಕೈಯಲ್ಲಿ. ಓಲೆಗರಿಯ ಲಿಪಿಕಾರನ ಕಣ್ಣು ಒಂದು ಸಾಲಿನ ಪದದಿಂದ ಕೆಳಗಿನ ಸಾಲಿನ ಅದೇ ಪದಕ್ಕೆ ಹಾರಿ, ನಡುವಿನದು ಪೂರ್ತಿ ಬಿಟ್ಟುಹೋಗುತ್ತದೆ ಎಂದು ಬೆಳಗ್ಗೆ ಪಾಠ ಕೇಳುವುದು; ಸಂಜೆ ಕಂಪೋಜಿಟರು ಹಾಗೆಯೇ ಮೂರು ಸಾಲು ನುಂಗಿರುವುದನ್ನು ಕಣ್ಣಾರೆ ಕಾಣುವುದು! ಲಿಪಿಕಾರ ಅರ್ಥವಾಗದ ಹಳೆಯ ಮಾತನ್ನು ತನಗೆ ತಿಳಿದ ಮಾತಾಗಿ 'ತಿದ್ದಿ' ಬರೆಯುತ್ತಾನೆ, ಆದುದರಿಂದ ಕ್ಲಿಷ್ಟವಾದ ಪಾಠವೇ ಅನೇಕ ವೇಳೆ ಮೂಲಕ್ಕೆ ಹತ್ತಿರ ಎಂಬ ಸೂತ್ರವನ್ನು ಪರೀಕ್ಷೆಗಾಗಿ ಎಲ್ಲರೂ ಬಾಯಿಪಾಠ ಮಾಡಿದೆವು. ಮುದ್ರಣಾಲಯದಲ್ಲಿ ಅದು ಸೂತ್ರವಾಗಿರಲಿಲ್ಲ, ದಿನನಿತ್ಯದ ಅನುಭವವಾಗಿತ್ತು. ಹಳಗನ್ನಡದ ಪದ್ಯವೊಂದು ಜೋಡಣೆಯಾಗಿ ಬಂದರೆ, ಅಪರಿಚಿತವಾದ ಶಬ್ದವೆಲ್ಲ ಪರಿಚಿತವಾದ ಮತ್ತಾವುದೋ ಶಬ್ದವಾಗಿ ಬದಲಾಗಿರುತ್ತಿತ್ತು. ಆ ಪಾಠವನ್ನು ನಾನು ಮುಂದೆ ಮೂರು ದಶಕ ತರಗತಿಗಳಲ್ಲಿ ಹೇಳಿದಾಗಲೆಲ್ಲ ನನ್ನ ಕಣ್ಣಮುಂದೆ ಇದ್ದುದು ಓಲೆಗರಿಗಿಂತ ಹೆಚ್ಚಾಗಿ ಆ ಮಸಿಯ ಹಾಳೆಗಳೇ.

ಹೀಗೆಂದಮಾತ್ರಕ್ಕೆ ಎಲ್ಲರೂ ಒಪ್ಪಿಕೊಳ್ಳಲಿ ಎಂದು ನಾನು ಹೇಳಲಾರೆ. ಕರಡು ತಿದ್ದುವ ಕಣ್ಣು ಅರ್ಥದ ಬೆನ್ನು ಹತ್ತಬಾರದು. ಹತ್ತಿದರೆ ತಪ್ಪು ಕಾಣದು. ಸಂಶೋಧಕನ ಕಣ್ಣು ಅರ್ಥವನ್ನು ಬಿಟ್ಟರೆ ಬದುಕದು. ನಾಲ್ಕು ಗಂಟೆ ಒಂದು ಬಗೆಯಲ್ಲಿ ದುಡಿದ ಕಣ್ಣನ್ನು ಆ ರಾತ್ರಿಯೇ ಇನ್ನೊಂದು ಬಗೆಗೆ ತಿರುಗಿಸುವುದು ಸುಲಭವಲ್ಲ. ದಿನದ ಎಷ್ಟು ಗಂಟೆಗಳು ಹೋಗುತ್ತವೆ ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ; ಯಾವ ಗಂಟೆಗಳು ಹೋಗುತ್ತವೆ ಎಂದು ಕೇಳಿಕೊಳ್ಳುವವರು ವಿರಳ. ಬೆಳಗಿನ ಹೊತ್ತು ಬರೆಯುವವರಿಗೆ ಮಧ್ಯಾಹ್ನದ ಕೆಲಸ ಅಷ್ಟಾಗಿ ಬಾಧಿಸದು. ರಾತ್ರಿ ಬರೆಯುವ ಅಭ್ಯಾಸದವರಾದರೆ ಎರಡೂ ಕೆಡುವ ಸಂಭವವೇ ಹೆಚ್ಚು.

ಪ್ರಕಾಶನಕ್ಕೆ ಅದರದೇ ಆದ ಸುಗ್ಗಿಯ ಕಾಲವೂ ಉಂಟು. ರಾಜ್ಯೋತ್ಸವ, ಸಾಹಿತ್ಯ ಸಮ್ಮೇಳನ, ವರ್ಷದ ಕೊನೆ ಎಂದು ಪುಸ್ತಕಗಳು ಗುಂಪುಗುಂಪಾಗಿ ಹೊರಬರುತ್ತವೆ. ಆಗ ನಾಲ್ಕು ಗಂಟೆಯ ಒಪ್ಪಂದ ಎಂಟು ಗಂಟೆಯಾಗುತ್ತದೆ, ಇಲ್ಲವೆನ್ನಲು ದಾಕ್ಷಿಣ್ಯ. ಈಗಿನ ಕೆಲಸದಲ್ಲಿ ಮೊಳೆಯಿಲ್ಲ, ಮಸಿಯಿಲ್ಲ. ಆದರೆ ನುಡಿಯಲ್ಲಿ ಕೂರಿಸಿದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವುದು, ಒತ್ತು ಕಳಚುವುದು ನಡೆದೇ ಇದೆ. ರಾಕ್ಷಸ ವೇಷ ಬದಲಿಸಿದ್ದಾನೆ, ಅಷ್ಟೆ.

ಈ ಸಂದರ್ಭದಲ್ಲಿ ಹುಡುಗರು ದೊಡ್ಡವರ ಉದಾಹರಣೆ ತರುವುದುಂಟು. ಗಿರೀಶ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಇದ್ದುಕೊಂಡೇ 'ತುಘಲಕ್' ಪ್ರಕಟಿಸಲಿಲ್ಲವೆ ಎನ್ನುತ್ತಾರೆ. ನಿಜ, ನಾಟಕ ಬಂದದ್ದು 1964ರಲ್ಲಿ. ಆದರೆ ಅವರು ಆ ಕೆಲಸಕ್ಕೆ ಸೇರಿದ್ದು 1963ರಲ್ಲಿ, ಇಂಗ್ಲೆಂಡಿನ ವ್ಯಾಸಂಗ ಮುಗಿಸಿ ಬಂದ ಮೇಲೆ. ಪದವಿಯೂ ಪ್ರಕಾಶನವೂ ಏಕಕಾಲಕ್ಕೆ ಹೆಗಲೇರಿರಲಿಲ್ಲ. ಇಂಗ್ಲಿಷಿನ ಎಲಿಯಟ್ ಲಂಡನ್ನಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದುಕೊಂಡೇ 1916ರಲ್ಲಿ ತಮ್ಮ ಪ್ರಬಂಧವನ್ನು ಮುಗಿಸಿ ಹಾರ್ವರ್ಡಿಗೆ ಕಳುಹಿಸಿದರು; ಮೌಖಿಕ ಪರೀಕ್ಷೆಗೆ ಮಾತ್ರ ಹೋಗಲೇ ಇಲ್ಲ. ಪ್ರಕಾಶನ ಸಂಸ್ಥೆ ಸೇರಿದ್ದು 1925ರಲ್ಲಿ. ಅವರಿಗೆ ಆ ಪದವಿ ಬೇಕಾಗಲಿಲ್ಲ. ಕಾಲೇಜಿನ ಹುದ್ದೆಗೆ ಅರ್ಜಿ ಹಾಕಬೇಕಾದ ನಮ್ಮ ಹುಡುಗಿಗೆ ಬೇಕು.

ನಿಯಮಗಳ ಮಾತನ್ನೂ ಆಡಿಬಿಡುತ್ತೇನೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಸಂಶೋಧನ ವೇತನ ಪಡೆಯುತ್ತಿರುವವರು ಬೇರೆಡೆ ಸಂಬಳದ ಕೆಲಸ ಹಿಡಿಯುವಂತಿಲ್ಲ. ವೇತನವಿಲ್ಲದವರಿಗೆ ಅಂಥ ಕಟ್ಟು ಇಲ್ಲವಾದರೂ ಗಡುವು ಇದ್ದೇ ಇದೆ. 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಸಾಮಾನ್ಯವಾಗಿ ಆರು ವರ್ಷದ ಮಿತಿ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಾರ್ಗದರ್ಶಕರಿಗೆ ತಿಳಿಸದೆ ಕೆಲಸ ಹಿಡಿಯುವುದು ತರವಲ್ಲ. ತಿಳಿಸಿದ ಮೇಲೆ ಅವರು ತಮ್ಮದೇ ಪುಸ್ತಕದ ಕರಡನ್ನು ಕೈಗಿಟ್ಟು 'ಹೇಗೂ ಅಭ್ಯಾಸವಿದೆಯಲ್ಲ' ಎಂದರೆ, ಅದು ಬೇರೆಯೇ ಕಥೆ. ಅಂಥ ಬಿಟ್ಟಿ ಕೆಲಸವನ್ನು ಗುರುದಕ್ಷಿಣೆ ಎಂದು ಕರೆಯಲು ನನ್ನ ನಾಲಗೆ ಏಳದು.

ಹಣಕ್ಕಾಗಿ ಕೆಲಸ ಹಿಡಿಯುವುದು ವಿದ್ಯೆಗೆ ಅಗೌರವ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಕೆಲವರಿಗೆ ಇತ್ತು. ಹೊಟ್ಟೆ ತುಂಬಿದವರ ಮಾತು ಅದು. ಅತಿಥಿ ಉಪನ್ಯಾಸಕತನವೇ ಬಾಳುವೆಯಾಗಿಬಿಡುತ್ತಿರುವ ಈ ದಿನಗಳಲ್ಲಿ, ಒಂದು ಹಸ್ತಪ್ರತಿಯನ್ನು ಪುಸ್ತಕವಾಗಿಸಬಲ್ಲ ವಿದ್ಯೆ ಕೈಯಲ್ಲಿದ್ದರೆ ಅದು ಇನ್ನೊಂದು ಅನ್ನದ ದಾರಿ. ಕನ್ನಡದಲ್ಲಿ ಒಳ್ಳೆಯ ಸಂಪಾದಕರ ಕೊರತೆ ಎಷ್ಟೆಂಬುದು ಯಾವ ಹೊಸ ಪುಸ್ತಕದ ಹತ್ತು ಪುಟ ತಿರುವಿದರೂ ತಿಳಿದೀತು.

ಆ ಹುಡುಗಿಗೆ ನಾನು ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. 'ತಿಂಗಳ ಸಂಬಳ ಬೇಡಮ್ಮ, ಫಾರಮ್ಮಿನ ಲೆಕ್ಕದಲ್ಲಿ ಕೇಳಿ ನೋಡು. ಕೆಲಸ ಹೆಚ್ಚಾದಾಗ ಹಣವೂ ಹೆಚ್ಚಲಿ, ಅಧ್ಯಾಯ ಬರೆಯುವ ತಿಂಗಳಲ್ಲಿ ಕೆಲಸವೂ ನಿಲ್ಲಲಿ' ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಬಾಡಿಗೆ ಮಾತ್ರ ತಿಂಗಳ ಲೆಕ್ಕದಲ್ಲೇ ಕೊಡಬೇಕಲ್ಲ' ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪ್ರಕಾಶಕರೊಡನೆ ಅವಳೇ ಮಾತನಾಡಿ, ಬಾಡಿಗೆಗೆ ಸಾಲುವಷ್ಟನ್ನು ತಿಂಗಳಿಗೆ ಗೊತ್ತುಮಾಡಿಕೊಂಡು ಉಳಿದುದನ್ನು ಫಾರಮ್ಮಿನ ಲೆಕ್ಕಕ್ಕೆ ಬಿಟ್ಟಿದ್ದಾಳಂತೆ. ನಾಲ್ಕನೆಯ ಅಧ್ಯಾಯದ ಮೊದಲ ಇಪ್ಪತ್ತು ಪುಟಗಳು ಕಳೆದ ವಾರ ನನ್ನ ಮೇಜಿಗೆ ಬಂದಿವೆ. ಹುಡುಕಿದರೂ ಒಂದು ಅಕ್ಷರಸ್ಖಾಲಿತ್ಯ ಸಿಗಲಿಲ್ಲ. ವಾದದಲ್ಲಿ ಮಾತ್ರ ಎರಡು ಕಡೆ ನನಗೆ ತಕರಾರಿದೆ.