ಗಾಜಿನ ಮೇಲೆ ಅಲುಗದ ಚುಕ್ಕೆ



2019ರ ಫೆಬ್ರುವರಿ 19. ಏರೋ ಇಂಡಿಯಾ ಪ್ರದರ್ಶನಕ್ಕೆ ಒಂದೇ ದಿನ ಬಾಕಿಯಿತ್ತು. ಯಲಹಂಕದಲ್ಲಿ ತಾಲೀಮು ನಡೆಸುತ್ತಿದ್ದ, ವಾಯುಪಡೆಯ ಸಾಹಸ ಪ್ರದರ್ಶನ ತಂಡವಾದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಆಗಸದಲ್ಲೇ ಡಿಕ್ಕಿ ಹೊಡೆದವು. ಇಬ್ಬರು ಪೈಲಟ್‌ಗಳು ಹೊರಜಿಗಿದು ಬದುಕಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. 2023ರ ಜನವರಿ 28ರಂದು, ಗ್ವಾಲಿಯರ್‌ನಿಂದ ತರಬೇತಿಗೆ ಹಾರಿದ ಸುಖೋಯ್-30 ಮತ್ತು ಮಿರಾಜ್-2000 ಪತನವಾದಾಗ, ನಮ್ಮ ನೆರೆಯ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಅವರನ್ನು ಕಳೆದುಕೊಂಡೆವು. ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಬೀದರಿನಲ್ಲಿ. 1963ರಿಂದ ನಮ್ಮ ವಿಜಯಪುರದಲ್ಲಿ ಸೈನಿಕ ಶಾಲೆಯಿದೆ. ವಿಷಯ ನಮಗೆ ದೂರದ್ದಲ್ಲ.

ಇಂಥ ಸುದ್ದಿ ಬಂದೊಡನೆ ನಮ್ಮ ಬಾಯಿಗೆ ಬರುವ ಪ್ರಶ್ನೆ: ತಪ್ಪು ಯಾರದು? ವಿಮಾನ ಡಿಕ್ಕಿಗಳ ಕುರಿತ ಈ ವಿಚಾರ ಸಂಕಿರಣ ಬೇರೊಂದು ಪ್ರಶ್ನೆಯಿಂದ ಶುರುವಾಗಲಿ: ಆ ಹೊತ್ತಿನಲ್ಲಿ ಯಾರಿಗೆ ಏನು ಕಾಣುತ್ತಿತ್ತು?

ಒಂದು ಲೆಕ್ಕ ಹಾಕೋಣ. ಗೋಲಗುಮ್ಮಟದ ಮೇಲೊಂದು, ಸುಮಾರು 20 ಕಿಲೋಮೀಟರ್ ಆಚೆ ತಿಕೋಟಾದ ಮೇಲೊಂದು ಯುದ್ಧವಿಮಾನ ಎದುರುಬದುರಾಗಿ ಬರುತ್ತಿವೆ ಎನ್ನಿ. ಎರಡರ ವೇಗವೂ ಗಂಟೆಗೆ 900 ಕಿಲೋಮೀಟರ್. 40 ಸೆಕೆಂಡಿನಲ್ಲಿ ಮುಖಾಮುಖಿ! ಕಣ್ಣಿಗೆ ಬಿದ್ದದ್ದನ್ನು ಗುರುತಿಸಿ, ಅಪಾಯವೆಂದು ಅರಿತು, ವಿಮಾನವನ್ನು ಪಕ್ಕಕ್ಕೆ ಸರಿಸಲು ಸುಮಾರು 12 ಸೆಕೆಂಡು ಬೇಕು. ಅಂದರೆ 6 ಕಿಲೋಮೀಟರ್ ದೂರದಲ್ಲೇ ಕಂಡಿರಬೇಕು. ಅಷ್ಟು ದೂರದಿಂದ ಅದು ಬರೀ ಚುಕ್ಕೆ. ಎರಡೂ ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ ಡಿಕ್ಕಿಯತ್ತ ಸಾಗಿದ್ದರೆ ಆ ಚುಕ್ಕೆ ಗಾಜಿನ ಮೇಲೆ ಅಲುಗುವುದೂ ಇಲ್ಲ, ನಿಂತಲ್ಲೇ ದೊಡ್ಡದಾಗುತ್ತದೆ. ಚಲಿಸುವುದನ್ನು ಹಿಡಿಯುವ ನಮ್ಮ ಕಣ್ಣು ಅಲ್ಲಿ ಸೋಲುತ್ತದೆ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ನಾಗರಿಕ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಬಳಿಕ ಡಿಕ್ಕಿ ತಪ್ಪಿಸುವ ಎಚ್ಚರಿಕೆ ಸಾಧನ ಕಡ್ಡಾಯವಾಯಿತು. ಆದರೆ ಕೆಲವೇ ಮೀಟರ್ ಅಂತರದಲ್ಲಿ ಜೊತೆಯಾಗಿ ಹಾರುವ ಸೇನಾ ತಂಡಕ್ಕೆ ಅಂಥ ಸಾಧನ ಆಸರೆಯಾಗದು. ಅಲ್ಲಿ ಕಾಯುವುದು ಹಾರಾಟಕ್ಕೆ ಮುಂಚಿನ ಮಾತು, ಇಳಿದ ಮೇಲಿನ ಮಾತು. ‘ಸರ್, ಎರಡನೇ ತಿರುವಿನಲ್ಲಿ ನೀವು ನನಗೆ ಕಾಣಲಿಲ್ಲ’ ಎಂದು ಕಿರಿಯನು ಹಿರಿಯನಿಗೆ ಅಂಜದೆ ಹೇಳುವಂತಿರಬೇಕು. ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಯನ್ನು ಅದೃಷ್ಟವೆಂದು ಮರೆತರೆ ಪಾಠವೂ ಮರೆತುಹೋಗುತ್ತದೆ.

ನೆಲದ ಮೇಲಿನವರ ಪಾಲೂ ಇದೆ. ಬಬಲೇಶ್ವರದ ದ್ರಾಕ್ಷಿ ತೋಟದಲ್ಲಿ ಅವಶೇಷ ಬಿದ್ದರೂ ಅದು ತನಿಖೆಗೆ ಸಾಕ್ಷಿ. ಪೈಲಟ್ ಹೊರಚಿಮ್ಮುವ ಆಸನದಲ್ಲಿ ಸ್ಫೋಟಕವಿರುತ್ತದೆ. ಮುಟ್ಟದೆ, ಮೊಬೈಲ್ ಹಿಡಿದು ಮುತ್ತದೆ, ಪೊಲೀಸರಿಗೆ ತಿಳಿಸಬೇಕು. ಬುರಣಾಪುರದ ಬಳಿ ವಿಮಾನ ನಿಲ್ದಾಣ ಯೋಜನೆ ಕೈಗೆತ್ತಿಕೊಂಡ ಜಿಲ್ಲೆಗೆ ಈ ತಿಳಿವಳಿಕೆ ಬೇಕೇ ಬೇಕು.

ಇನ್ನು ಗೋಷ್ಠಿಗಳ ಮುಂದೆ ಮೂರು ಪ್ರಶ್ನೆ ಇಡುತ್ತೇನೆ. ತಪ್ಪಿದ ಡಿಕ್ಕಿಯನ್ನು ವರದಿ ಮಾಡಿದವನಿಗೆ ಶಿಕ್ಷೆಯ ಭಯವಿಲ್ಲದಂತೆ ಮಾಡುವುದು ಹೇಗೆ? ರಕ್ಷಣಾ ಗೋಪ್ಯತೆ ಕೆಡದಂತೆ ತನಿಖೆಯ ಪಾಠಗಳನ್ನು ಎಲ್ಲ ತರಬೇತಿ ಕೇಂದ್ರಗಳಿಗೂ ತಲುಪಿಸುವುದು ಹೇಗೆ? ಹಳ್ಳಿಗಳನ್ನು ಮೊದಲೇ ಸಿದ್ಧಗೊಳಿಸುವ ಹೊಣೆ ಯಾರದು? ಇವಕ್ಕೆ ಜಾರಿಗೆ ತರಬಲ್ಲ ಉತ್ತರ ಒಂದಾದರೂ ಇಲ್ಲಿ ಸಿಕ್ಕರೆ ನಾವು ಸೇರಿದ್ದು ಸಾರ್ಥಕ.